ಅರ್ಧ ಬೆಟ್ಟ ಹತ್ತಿ ಕೂತವರು

ಬೆಂಗಳೂರಿನವರು ಬೆಟ್ಟ ಹತ್ತುವ ಅರ್ಧ ಕೆಲಸವನ್ನು ಮನೆಯಲ್ಲಿ ಕೂತೇ ಮುಗಿಸಿರುತ್ತಾರೆ. ನಂಬಿಕೆ ಬರಲಿಲ್ಲವೇ? ಲೆಕ್ಕ ಹಾಕಿ ನೋಡಿ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಕುದುರೆಮುಖದ ತುದಿ 1,894 ಮೀಟರ್. ಹೊರಮಾವಿನ ಯಾವುದೋ ಅಡ್ಡರಸ್ತೆಯ ಮನೆಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತವನು ಹೆಚ್ಚುಕಡಿಮೆ ಅರ್ಧ ಕುದುರೆಮುಖ ಏರಿ ಕೂತ ಹಾಗೆಯೇ ಆಯಿತಲ್ಲ! ಮಂಗಳೂರಿನವರಿಗೆ ಈ ಸವಲತ್ತಿಲ್ಲ, ಅವರು ಸೊನ್ನೆಯಿಂದ ಶುರುಮಾಡಬೇಕು. ಹಾಗೆಂದು ಅವರ ಮೇಲೆ ಕನಿಕರ ಬೇಡ. ಬೆಟ್ಟ ಅವರ ಬೆನ್ನ ಹಿಂದೆಯೇ ನಿಂತಿದೆ. ಹಿಂದೆ ಅರಬ್ಬೀ ಸಮುದ್ರದಲ್ಲಿ ಬರುತ್ತಿದ್ದ ಹಡಗಿನವರಿಗೆ ಆ ಕುದುರೆಯ ಮೋರೆಯೇ ದಡದ ಗುರುತಾಗಿತ್ತು. ನಮಗೆ ಅದು ಕಾಣಬೇಕಾದರೆ ಒಂದು ರಾತ್ರಿ ಬಸ್ಸಿನಲ್ಲಿ ಕೂರಬೇಕು.

ಈ ಲೆಕ್ಕವನ್ನು ನಾನು ಹೊರಮಾವಿನ ಅಗರ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ನಮ್ಮ ನಡಿಗೆಯ ಬಳಗ ದೊಡ್ಡದು. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿದ್ದಾರೆ. ತ್ರಿಶ್ಶೂರಿನಿಂದ ಬಂದು ಕನ್ನಡವನ್ನು ನಮಗಿಂತ ಗಟ್ಟಿಯಾಗಿ ಆಡುವ ಟೀಚರಮ್ಮ ಇದ್ದಾರೆ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ರಾತ್ರಿ ಪಾಳಿ ಮುಗಿಸಿ, ಮಲಗುವ ಮುಂಚೆ ಎರಡು ಸುತ್ತು ಹಾಕಿ ಹೋಗುವ ಹುಡುಗರಿದ್ದಾರೆ. ಮಗಳ ಮನೆಗೆಂದು ಬಂದು ಇಲ್ಲೇ ನಿಂತುಬಿಟ್ಟ ಕಳಸದ ಕಡೆಯ ಹಿರಿಯರೊಬ್ಬರೂ ಇದ್ದಾರೆ. ನನ್ನ ಲೆಕ್ಕಕ್ಕೆ ತಕರಾರು ತೆಗೆದವರು ಅವರೊಬ್ಬರೇ. "ಸರಿ ಮಾರಾಯ್ರೆ, ಆದರೆ ನಮ್ಮ ಕಳಸ ನಿಮ್ಮ ಬೆಂಗಳೂರಿಗಿಂತ ತಗ್ಗಿನಲ್ಲಿದೆ. ನೀವು ಮನೆಯಲ್ಲಿ ಕೂತು ಗಳಿಸಿದ್ದರಲ್ಲಿ ಒಂದಿಷ್ಟನ್ನು ಬಸ್ಸಿನ ಡ್ರೈವರು ರಾತ್ರೋರಾತ್ರಿ ಇಳಿಸಿಬಿಡ್ತಾನೆ" ಎಂದರು. ಒಪ್ಪಬೇಕಾದ ಮಾತೇ. ಭದ್ರೆಯ ಕಣಿವೆಗೆ ಇಳಿಯದೆ ಕುದುರೆಮುಖದ ಬುಡ ಸಿಗುವುದಿಲ್ಲ.

ಕೆರೆಯ ಏರಿ ಎಂದೆನಲ್ಲ, ಅಲ್ಲೇ ಒಂದು ನಿಮಿಷ ನಿಲ್ಲೋಣ. ಹೊರಮಾವಿನಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಹಳಬರು ಬಹಳ ಯೋಚಿಸಿದ್ದರು. ಹೆಬ್ಬಾಳ, ನಾಗವಾರದ ಕಡೆಯಿಂದ ಇಳಿದು ಬರುವ ಕಾಲುವೆ ಕಲ್ಕೆರೆಗೆ, ಅಲ್ಲಿಂದ ರಾಂಪುರದ ಕೆರೆಗೆ, ಅಲ್ಲಿಂದ ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಮುಂದಿನದಕ್ಕೆ ನೀರು. ಪಿನಾಕಿನಿ ತಮಿಳುನಾಡು ಹೊಕ್ಕು ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತದೆ. ಆ ನದಿ ಹುಟ್ಟುವುದು ನಂದಿಯ ಸುತ್ತಲಿನ ಬೆಟ್ಟಸಾಲಿನಲ್ಲಿ. ಭಾನುವಾರ ನಸುಕಿಗೇ ಬೈಕು ಹತ್ತಿ, ಹೆಣ್ಣೂರು ರಸ್ತೆ ಹಿಡಿದು, ನಂದಿಯಲ್ಲಿ ಸೂರ್ಯೋದಯ ನೋಡಿ ಬರುವ ನಮ್ಮ ಬೀದಿಯ ಹುಡುಗರು, ತಮ್ಮ ಮನೆಯ ಮುಂದಿನ ಮಳೆನೀರು ಕೊನೆಗೆ ಕೂಡಿಕೊಳ್ಳುವ ನದಿಯ ತೌರಿಗೇ ಹೋಗಿಬಂದಿರುತ್ತಾರೆ. ಇದನ್ನು ಹೇಳಿದಾಗ ಒಬ್ಬ ಹುಡುಗನ ಕಣ್ಣು ಅರಳಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ಈಗಿನ ಹೊರಮಾವಿನಲ್ಲಿ ಮಳೆಯೆಂದರೆ ಮೊದಲು ಸಂತೋಷ, ಹತ್ತು ನಿಮಿಷ ಕಳೆದರೆ ಚಿಂತೆ. ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಂತಿತೇ, ಸಾಯಿ ಲೇಔಟಿನ ಮನೆಗಳಿಗೆ ನುಗ್ಗಿತೇ, ಬೇಸ್‌ಮೆಂಟಿನ ಪಂಪು ಓಡುತ್ತಿದೆಯೇ ಎಂದು ಒಬ್ಬರಿಗೊಬ್ಬರು ಫೋನು. ಮಾರ್ಚ್ ಬಂತೆಂದರೆ ಅದೇ ಬೀದಿಯಿಂದ ಟ್ಯಾಂಕರಿನವನಿಗೆ ಫೋನು. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ 1,000 ಮಿಲಿಮೀಟರಿಗೆ ತುಸು ಕಡಿಮೆ. ಅಷ್ಟನ್ನೇ ಹಿಡಿದಿಡಲೂ ಆಗದೆ, ಹರಿಯಲು ಬಿಡಲೂ ಆಗದೆ ಒದ್ದಾಡುತ್ತೇವೆ. ಕುದುರೆಮುಖದ ಕಾಡುಗಳಲ್ಲಿ ಸರಾಸರಿ 7,000 ಮಿಲಿಮೀಟರ್ ಸುರಿಯುತ್ತದೆ. ಏಳು ಪಟ್ಟು! ಅಷ್ಟು ನೀರು ಅಲ್ಲಿ ಎಲ್ಲಿ ನಿಲ್ಲುತ್ತದೆ, ಹೇಗೆ ಇಳಿಯುತ್ತದೆ, ಮಳೆ ನಿಂತು ತಿಂಗಳುಗಟ್ಟಲೆ ಆದಮೇಲೂ ಹಳ್ಳದಲ್ಲಿ ಸದ್ದು ಯಾಕಿರುತ್ತದೆ? ಇದನ್ನು ನೋಡಬೇಕೆನ್ನುವುದೇ ನನ್ನ ಮಟ್ಟಿಗೆ ಅಲ್ಲಿಗೆ ಹೋಗುವ ದೊಡ್ಡ ಆಸೆ. ತುದಿ ಸಿಕ್ಕರೆ ಸಂತೋಷ. ಮೋಡ ಕವಿದು ತುದಿ ಕಾಣದೆ ಹೋದರೂ ಹೋದದ್ದು ದಂಡವಾಗುವುದಿಲ್ಲ.

ಕರ್ನಾಟಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಐದು. ಬನ್ನೇರುಘಟ್ಟ ನಮ್ಮ ಊರಿನದೇ. ಬಂಡೀಪುರ, ನಾಗರಹೊಳೆಗೆ ಹೋದರೆ ಜೀಪಿನಲ್ಲೋ ಬಸ್ಸಿನಲ್ಲೋ ಕೂತು ಆನೆ, ಹುಲಿ ಹುಡುಕಬೇಕು. ಅಣಶಿ ಮತ್ತು ಕುದುರೆಮುಖ ಮಾತ್ರ ನಿಜವಾದ ಘಟ್ಟದ ಕಾಡುಗಳು. ಅದರಲ್ಲೂ ಕುದುರೆಮುಖದಲ್ಲಿ ಕಾಲೇ ವಾಹನ. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ಉದ್ಯಾನವೆಂದು ಘೋಷಿಸಿದರು. ಇದರ ಹಿಂದೆ ಸಿಂಗಳೀಕಗಳ ಪಾಲು ದೊಡ್ಡದು. ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಸಿಂಹದ ಹಾಗೆ ಕುಚ್ಚು ಇರುವ ಈ ಕೋತಿ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಉಲ್ಲಾಸ ಕಾರಂತರು 80ರ ದಶಕದಲ್ಲಿ ಇಲ್ಲಿನ ಸಿಂಗಳೀಕಗಳನ್ನು ಅಧ್ಯಯನ ಮಾಡಿ, ಈ ಕಾಡು ಉಳಿದರೆ ಇವು ಉಳಿದಾವು ಎಂದು ತೋರಿಸಿಕೊಟ್ಟರು. ಅವರು ಶಿವರಾಮ ಕಾರಂತರ ಮಗ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಅಪ್ಪ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತವರು. ಆ ಇಳಿವಯಸ್ಸಿನಲ್ಲಿ ಕಾಡಿಗಾಗಿ ಮತ ಕೇಳಿದ ಅಪ್ಪ, ಮರದ ಮೇಲಿನ ಕೋತಿಗಾಗಿ ಕಾಡು ಅಲೆದ ಮಗ! ಈ ಇಬ್ಬರ ಕಥೆಯನ್ನು ಒಟ್ಟಿಗೆ ಯಾರಾದರೂ ವಿಸ್ತಾರವಾಗಿ ಬರೆಯಬೇಕು.

ಮೊದಲೆಲ್ಲ ಕುದುರೆಮುಖಕ್ಕೆ ಹೋಗುವವರು ಬೆಟ್ಟದ ಬುಡದ ಬಲಿಗಲ್ಲಿನಲ್ಲಿ ಇಳಿದು, ಗಾರ್ಡಿನ ಮುಂದೆ ಹೆಸರು ಬರೆಸಿ, ದುಡ್ಡು ಕಟ್ಟಿ ಹತ್ತುವುದಿತ್ತು. ಈಗ ಅರಣ್ಯ ವಿಹಾರ ಜಾಲತಾಣದಲ್ಲಿ ಮುಂಚೆಯೇ ಚೀಟಿ ಮಾಡಿಸಬೇಕು. ದಿನಕ್ಕೆ 300 ಜನರಿಗೆ ಮಾತ್ರ ಬಿಡುತ್ತಾರೆ. ಇದಕ್ಕೆ ಗೊಣಗುವವರಿದ್ದಾರೆ. ನಾನಂತೂ ಎರಡು ಕೈಯೆತ್ತಿ ಒಪ್ಪುತ್ತೇನೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ನಿಂತ ಚಿತ್ರಗಳು ನೆನಪಿವೆಯೇ? ಔಟರ್ ರಿಂಗ್ ರೋಡಿನ ಶುಕ್ರವಾರದ ಸಂಜೆಯನ್ನು ಯಾರೋ ಎತ್ತಿ ಬೆಟ್ಟದ ಮೇಲಿಟ್ಟರೇನೋ ಎನ್ನಿಸಿತ್ತು. ಆಮೇಲೆ ಸರ್ಕಾರ ಒಂದಷ್ಟು ಕಾಲ ಚಾರಣಗಳನ್ನು ನಿಲ್ಲಿಸಿ, ಎಲ್ಲ ಕಡೆಗೂ ಮಿತಿ ತಂದಿತು. ಕಾಲ್ದಾರಿ ಎಷ್ಟು ಹೆಜ್ಜೆ ತಾಳೀತು ಎಂಬುದಕ್ಕೂ ಒಂದು ಅಳತೆಯಿದೆ. ಹುಲ್ಲು ಸವೆದು ಮಣ್ಣು ಬಯಲಾದರೆ ಒಂದೇ ಮಳೆಗಾಲ ಸಾಕು, ಆ ದಾರಿ ಕೊರಕಲಾಗುತ್ತದೆ. ಕೊರಕಲಿನ ನೀರು ಕೆಂಪಾಗಿ ಹರಿಯುತ್ತದೆ. ಆದ್ದರಿಂದ ಶನಿವಾರದ ಚೀಟಿ ಸಿಗದಿದ್ದರೆ ಬುಧವಾರ ಹೋಗಿ. ಬುಧವಾರದ ಬೆಟ್ಟದ ಸೊಗಸೇ ಬೇರೆ.

ಹೊರಡುವ ಮಾತಿಗೆ ಬರೋಣ. ಮೊದಲು ಹೊರಮಾವಿನಿಂದ ಮೆಜೆಸ್ಟಿಕ್ ತಲುಪುವುದೇ ಒಂದು ಚಾರಣ ಎನ್ನುತ್ತಿದ್ದರು. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತರೆ ರಾತ್ರಿಯ ಕಳಸದ ಬಸ್ಸು ತಪ್ಪಿಹೋದೀತೆಂಬ ಭಯ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಬಿಟ್ಟುಹೋಗಿದ್ದ ಮೆಟ್ರೋ ತುಂಡು ಕೂಡಿಕೊಂಡ ಮೇಲೆ ಆ ಭಯ ಹೋಯಿತು. ಬೆನ್ನಿಗೆ ಚೀಲ ಹಾಕಿಕೊಂಡು ನೇರಳೆ ಮಾರ್ಗದ ರೈಲು ಹತ್ತಿದರೆ ಸೀದಾ ಮೆಜೆಸ್ಟಿಕ್. ಮೆಟ್ರೋದಲ್ಲಿ ಬೆನ್ನುಚೀಲ ಕಂಡವರೆಲ್ಲ "ಯಾವ ಬೆಟ್ಟ?" ಎಂದು ಕೇಳುವುದೂ ಒಂದು ಚಂದ. ಒಮ್ಮೆ ಇಂದಿರಾನಗರದಲ್ಲಿ ಹತ್ತಿದ ವಯಸ್ಸಾದ ಹೆಂಗಸೊಬ್ಬರು ನನ್ನ ಚೀಲ ನೋಡಿ, ತಮ್ಮ ಮದುವೆಯಾದ ಹೊಸದರಲ್ಲಿ ಗಂಡನೊಡನೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಗುಡಿಗೆ ಹೋದದ್ದು, ಆಗ ಹೊಳೆ ದಾಟಲು ಪಟ್ಟ ಪಾಡು ಎಲ್ಲವನ್ನೂ ಹೇಳಿ, ಕಬ್ಬನ್ ಪಾರ್ಕಿನಲ್ಲಿ ಇಳಿಯುವಾಗ "ಅಮ್ಮನವರಿಗೆ ನನ್ನದೊಂದು ನಮಸ್ಕಾರ ಹೇಳಪ್ಪ" ಎಂದರು. ಹೇಳಿದೆ.

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ಎಲ್ಲ ನಿದ್ದೆಯಲ್ಲಿ ಕಳೆಯುತ್ತವೆ. ಮೂಡಿಗೆರೆಯ ಹೊತ್ತಿಗೆ ಕಿಟಕಿಯ ಸಂದಿನಲ್ಲಿ ಬರುವ ಗಾಳಿಯೇ ಎಬ್ಬಿಸುತ್ತದೆ. ಅಲ್ಲಿಂದ ಮುಂದೆ ಕೊಟ್ಟಿಗೆಹಾರ. ಕೊಟ್ಟಿಗೆಹಾರವೆಂದರೆ ಕೆಲವರಿಗೆ ನೀರ್‌ದೋಸೆ, ನನಗೆ ತೇಜಸ್ವಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಅಲ್ಲಿದೆ. ಮೂಡಿಗೆರೆಯ ಹತ್ತಿರ ತೋಟ ಮಾಡಿಕೊಂಡು, ಮೀನು ಹಿಡಿದು, ಹಕ್ಕಿಗಳ ಚಿತ್ರ ತೆಗೆದು, ಒಂದು ಹಾರುವ ಓತಿಯ ಹಿಂದೆ ಕನ್ನಡದ ಓದುಗರನ್ನೆಲ್ಲ ಕಾಡಿಗೆ ಕರೆದುಕೊಂಡು ಹೋದವರು ಅವರು. 'ಕರ್ವಾಲೋ' ಓದಿ ಪಶ್ಚಿಮ ಘಟ್ಟಕ್ಕೆ ಮೊದಲ ಸಲ ಬಂದವರ ಪಟ್ಟಿ ಮಾಡಹೊರಟರೆ ಅದೇ ಒಂದು ಪುಸ್ತಕವಾದೀತು. ಬೆಟ್ಟ ಹತ್ತುವವರು ಅಲ್ಲಿ ಇಳಿದು ಹತ್ತು ನಿಮಿಷವಾದರೂ ನಿಂತು ಹೋಗಬೇಕೆಂದು ನನ್ನ ಆಸೆ.

ಕೊಟ್ಟಿಗೆಹಾರದಿಂದ ಎಡಕ್ಕೆ ಹೋದರೆ ಚಾರ್ಮಾಡಿ, ಇತ್ತ ತಿರುಗಿದರೆ ಕಳಸದ ದಾರಿ. ಈ ದಾರಿಯಲ್ಲಿ ಜಾವಳಿ ಎಂಬ ಊರು ಸಿಗುತ್ತದೆ. ಹೇಮಾವತಿ ಹುಟ್ಟುವುದು ಅಲ್ಲಿ. ಈಗ ಸ್ವಲ್ಪ ಗಮನವಿಟ್ಟು ಕೇಳಿ. ಜಾವಳಿಯ ಹೇಮಾವತಿ ಸಕಲೇಶಪುರ, ಗೊರೂರು ದಾಟಿ ಕಾವೇರಿಯನ್ನು ಕೂಡುತ್ತದೆ. ಆ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪು ಮಾಡಿ, ಸುಮಾರು ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಏರಿಸಿ ಬೆಂಗಳೂರಿಗೆ ತರುತ್ತಾರೆ. ನಾವು ಅರ್ಧ ಬೆಟ್ಟದ ಮೇಲೆ ಕೂತಿದ್ದೇವೆಂದು ನೀರೂ ನಮಗಾಗಿ ಬೆಟ್ಟ ಹತ್ತಬೇಕಾಗಿದೆ! ಜಾವಳಿಯ ತಿರುವಿನಲ್ಲಿ ಬಸ್ಸಿನ ಗಾಜಿಗೆ ಬಡಿದ ಒಂದು ಹನಿ, ಎಲ್ಲ ಸರಿಹೋದರೆ, ಮುಂದೊಂದು ದಿನ ಬೆಂಗಳೂರಿನ ಯಾವುದೋ ಅಡುಗೆಮನೆಯ ನಲ್ಲಿಯಲ್ಲಿ ಬಿದ್ದೀತು. ಅದೇ ಬಸ್ಸು ಇನ್ನೊಂದಷ್ಟು ಮುಂದೆ ಹೋದರೆ ಭದ್ರೆಯ ಸೀಮೆ. ಅಲ್ಲಿನ ಹನಿಗೆ ನಮ್ಮ ಕಡೆ ಬರುವ ಹಾದಿಯಿಲ್ಲ. ಅದು ತುಂಗೆಯ ಜೊತೆಗೂಡಿ, ಹಂಪೆಯನ್ನು ನೋಡಿಕೊಂಡು, ಕೃಷ್ಣೆಗೆ ಸೇರುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಇದೇ ಕುದುರೆಮುಖದ ಸೀಮೆಯ ಮಕ್ಕಳು. ಮೂವರಲ್ಲಿ ನೇತ್ರಾವತಿ ಒಬ್ಬಳೇ ಪಶ್ಚಿಮಕ್ಕೆ ಹೊರಟು, ಮಂಗಳೂರಿನಲ್ಲಿ ಬೇಗನೆ ಕಡಲು ಕಂಡವಳು.

ಕಳಸದಲ್ಲಿ ಇಳಿದು, ಕಳಸೇಶ್ವರನಿಗೆ ಕೈಮುಗಿದು, ಬಿಸಿ ಬಿಸಿ ಏನಾದರೂ ತಿಂದು, ಸಂಸೆ ದಾಟಿ ಬಲಿಗಲ್ಲಿಗೆ ಬಂದರೆ ಅಲ್ಲಿಂದ ಮುಳ್ಳೋಡಿಗೆ ಜೀಪು. ಹಿಂದೆ ಈ ಬೆಟ್ಟಕ್ಕೆ ಸಂಸೆಪರ್ವತ ಎಂಬ ಹೆಸರೂ ಇತ್ತು. ಹತ್ತುವವರು ಸಂಸೆಯ ಕಡೆಯಿಂದಲೇ ಹೋಗುತ್ತಿದ್ದರು. ಜೀಪಿನ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂತವರ ಸೊಂಟಕ್ಕೆ ಅದು ತಾನಾಗಿಯೇ ಹೇಳುತ್ತದೆ.

ಉಂಬಳದ ವಿಷಯ ಮಾತ್ರ ವಿಸ್ತಾರವಾಗಿ ಹೇಳಲೇಬೇಕು. ಪಟ್ಟಣದವರು ಹುಲಿಗೆ ಹೆದರದಿದ್ದರೂ ಉಂಬಳಕ್ಕೆ ಹೆದರುತ್ತಾರೆ. ಮಳೆ ಹಿಡಿದ ಮೇಲೆ ಪ್ರತಿ ಎಲೆಯ ತುದಿಯಲ್ಲೂ ದಾರದಷ್ಟು ತೆಳ್ಳಗಿನ ಜೀವವೊಂದು ಎದ್ದುನಿಂತು ತಲೆಯಾಡಿಸುತ್ತಿರುತ್ತದೆ. ನಮ್ಮ ಹೆಜ್ಜೆಯ ಅದುರು, ಮೈಯ ಬಿಸಿ, ಬಿಡುವ ಉಸಿರು ಅಷ್ಟೇ ಅದಕ್ಕೆ ಸಾಕು. ಕಚ್ಚಿದ್ದು ಗೊತ್ತಾಗುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ಕುಡಿದು ಬಿಟ್ಟುಹೋದ ಮೇಲೂ ರಕ್ತ ಸುಮ್ಮನೆ ಒಸರುತ್ತಿರುತ್ತದೆ. ಸುಶ್ರುತ ಸಂಹಿತೆಯಲ್ಲಿ ಜಿಗಣೆ ಹಚ್ಚಿ ಕೆಟ್ಟ ರಕ್ತ ತೆಗೆಯುವುದಕ್ಕೇ ಒಂದು ಅಧ್ಯಾಯವಿದೆ. ನಮ್ಮ ಕಳಸದ ಹಿರಿಯರ ಉಪಾಯ ಸರಳ. ಕೋಲಿನ ತುದಿಗೆ ಬಟ್ಟೆಯಲ್ಲಿ ಸುಣ್ಣದ ಗಂಟು ಕಟ್ಟಿಕೊಳ್ಳಿ, ಹೊಗೆಸೊಪ್ಪು ನೆನೆಸಿದ ನೀರಿನಲ್ಲಿ ಕಾಲುಚೀಲ ಅದ್ದಿ ಒಣಗಿಸಿಟ್ಟುಕೊಳ್ಳಿ, ಎಲ್ಲಕ್ಕಿಂತ ಮುಖ್ಯವಾಗಿ ನಿಲ್ಲಬೇಡಿ, ನಡೆಯುತ್ತಲೇ ಇರಿ. ಸಾಲಿನಲ್ಲಿ ಮುಂದೆ ಹೋದವನಿಗಿಂತ ಹಿಂದೆ ಬರುವವನಿಗೆ ಉಂಬಳ ಜಾಸ್ತಿ ಎಂದು ಅವರ ಅನುಭವ. ಮುಂದಿನವನ ಹೆಜ್ಜೆಗೆ ಎದ್ದವು ಹಿಂದಿನವನಿಗೆ ಹತ್ತುತ್ತವಂತೆ. ಟೀಚರಮ್ಮ ಇದನ್ನು ಕೇಳಿದ ದಿನದಿಂದ ಕೆರೆಯ ಏರಿಯ ಮೇಲೂ ಮುಂದೆಯೇ ನಡೆಯುತ್ತಿದ್ದಾರೆ. "ಉಂಬಳ ಇದೆ ಅಂದ್ರೆ ನೆಲದಲ್ಲಿ ತೇವ ಇದೆ ಅಂತ ಲೆಕ್ಕ" ಎನ್ನುತ್ತಾರೆ ಹಿರಿಯರು. ಅವರ ಮಾತು ಕೇಳಿದ ಮೇಲೆ ಆ ಜೀವದ ಮೇಲಿನ ನನ್ನ ಹೇಸಿಗೆ ಹೋಯಿತು. ಈಗ ಕಾಲಿಗೆ ಹತ್ತಿದ್ದನ್ನು ಮೆಲ್ಲಗೆ ಬಿಡಿಸಿ ಎಲೆಯ ಮೇಲೆ ಬಿಡುತ್ತೇನೆ.

ಮುಳ್ಳೋಡಿಯಿಂದ ಹೋಗಿಬರುವ ದಾರಿ ಸುಮಾರು ಇಪ್ಪತ್ತು ಕಿಲೋಮೀಟರ್. ಬೆಳಗ್ಗೆ ಬೇಗ ಹೊರಟು ಕತ್ತಲಾಗುವ ಮುಂಚೆ ಇಳಿಯಬೇಕು, ಕಾಡಿನೊಳಗೆ ಡೇರೆ ಹಾಕುವ ಹಾಗಿಲ್ಲ. ಮೊದಲು ಗದ್ದೆ, ಅಡಿಕೆ, ಕಾಫಿ. ಆಮೇಲೆ ಹಳ್ಳ, ಮತ್ತೊಂದು ಹಳ್ಳ, ಇನ್ನೊಂದು. ಒಂಟಿಮರ ಎಂಬ ಜಾಗದಲ್ಲಿ ಎಲ್ಲರೂ ಉಸಿರು ಬಿಡಲು ನಿಲ್ಲುತ್ತಾರೆ. ಹೆಸರಿಗೆ ತಕ್ಕಂತೆ ಬೋಳು ಏಣಿನ ಮೇಲೆ ಒಂದೇ ಮರ. ಎಷ್ಟು ಜನ ಅದರ ಬುಡಕ್ಕೆ ಬೆನ್ನು ಕೊಟ್ಟು ಕಿತ್ತಲೆ ಸುಲಿದಿದ್ದಾರೋ! ಸಿಪ್ಪೆಯನ್ನು ಚೀಲಕ್ಕೆ ಹಾಕಿಕೊಂಡೇ ಏಳಿ. ಗೈಡ್ ಹುಡುಗರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನೋಡುತ್ತಿರುತ್ತಾರೆ.

ಒಂಟಿಮರ ದಾಟಿದ ಮೇಲೆ ನಾನು ಹೇಳಬೇಕೆಂದಿದ್ದ ಸಂಗತಿ ಶುರುವಾಗುತ್ತದೆ. ಬೆಟ್ಟದ ಬೆನ್ನುಗಳ ಮೇಲೆಲ್ಲ ಹುಲ್ಲು, ಎರಡು ಬೆನ್ನುಗಳ ನಡುವಿನ ಮಡಿಕೆಯಲ್ಲಿ ಕಪ್ಪಗೆ ಒತ್ತಿಕೊಂಡ ಶೋಲಾ ಕಾಡು. ಬೆಂಗಳೂರಿನಿಂದ ಬಂದವರು ಹುಲ್ಲು ಕಂಡೊಡನೆ "ಇಲ್ಲಿ ಮರ ಕಡಿದುಬಿಟ್ಟಿದ್ದಾರೆ, ಸಸಿ ನೆಡಬೇಕು" ಎನ್ನುತ್ತಾರೆ. ದಯವಿಟ್ಟು ನೆಡಬೇಡಿ! ಆ ಹುಲ್ಲು ಆ ಎತ್ತರದ, ಆ ಗಾಳಿಯ, ಆ ನೆಲದ ಸ್ವಂತ ಬೆಳೆ. ಕಾಟಿ, ಕಡವೆಗಳು ಬದುಕುವುದೇ ಅದರ ಮೇಲೆ. ಜಡಿಮಳೆ ಸುರಿದಾಗ ಹುಲ್ಲಿನ ಬೇರು ನೀರನ್ನು ಓಡಗೊಡದೆ ಮಣ್ಣಿಗೆ ಇಳಿಸುತ್ತದೆ. ಮಣ್ಣಿನೊಳಗೆ ಇಳಿದದ್ದು ಮೆಲ್ಲಗೆ ಜಾರಿ ಶೋಲಾದ ಮಡಿಕೆಗೆ ಬರುತ್ತದೆ. ಅಲ್ಲಿನ ಕುಳ್ಳ ಮರಗಳ ಮೈತುಂಬ ಪಾಚಿ, ಕೆಳಗೆ ವರ್ಷಾನುಗಟ್ಟಲೆ ಬಿದ್ದು ಕೊಳೆತ ತರಗೆಲೆಯ ದಪ್ಪ ಹಾಸು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಕೊಟ್ಟದ್ದನ್ನೆಲ್ಲ ಆ ಕಾಡು, ಅಜ್ಜಿ ಸೆರಗಿನ ಗಂಟು ಬಿಚ್ಚಿ ಮೊಮ್ಮಕ್ಕಳಿಗೆ ಒಂದೊಂದೇ ನಾಣ್ಯ ಕೊಡುವ ಹಾಗೆ, ಬೇಸಿಗೆಯವರೆಗೂ ಹಳ್ಳಕ್ಕೆ ಕೊಡುತ್ತಿರುತ್ತದೆ. ನಮ್ಮ ಬೀದಿಯಲ್ಲಿ ಒಂದು ಗಂಟೆಯ ಮಳೆ ಒಂದು ಗಂಟೆಯಲ್ಲೇ ಓಡಿಹೋಗುತ್ತದೆ. ಇಲ್ಲಿ ಆಷಾಢದ ಹನಿ ಮಾಘದಲ್ಲಿ ಹಳ್ಳಕ್ಕೆ ಬರುತ್ತದೆ. ಶೋಲಾದ ಒಳಗೆ ಒಮ್ಮೆ ಕಾಲಿಟ್ಟು ನೋಡಿ. ಹೊರಗೆ ಹುಲ್ಲಿನ ಮೇಲೆ ಚುರುಗುಡುವ ಬಿಸಿಲು, ಒಳಗೆ ಬಂದರೆ ಮೈ ನಡುಗುವ ತಂಪು. ನಮ್ಮ ಬ್ಯಾಂಕಿನವರು ಅಲ್ಲಿ ಅಂಗೈಯನ್ನು ಪಾಚಿಯ ಮೇಲೆ ಒತ್ತಿ, ತೆಗೆದು, ಬೆರಳುಗಳ ಸಂದಿನಿಂದ ಇಳಿದ ನೀರನ್ನು ಬಹಳ ಹೊತ್ತು ನೋಡುತ್ತಿದ್ದರು. ಅವರ ಅಪಾರ್ಟ್‌ಮೆಂಟಿನಲ್ಲಿ ನೀರಿನ ಸಮಿತಿಯ ಲೆಕ್ಕಪತ್ರ ಬರೆಯುವವರು ಅವರೇ.

ಇಷ್ಟೆಲ್ಲ ಉಳಿದದ್ದು ತನ್ನಷ್ಟಕ್ಕೆ ತಾನಲ್ಲ ಎಂಬುದನ್ನು ಬೆಟ್ಟಕ್ಕೆ ಬರುವ ಪ್ರತಿಯೊಬ್ಬರಿಗೂ ಹೇಳಬೇಕೆನ್ನಿಸುತ್ತದೆ. ಹುಲ್ಲಿನ ಕೆಳಗೆ ಕಬ್ಬಿಣವಿದೆ. 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅದನ್ನು ಪತ್ತೆಹಚ್ಚಿದರು. ಆಗ ಮೈಸೂರಿನ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಹೌದು, ನಮ್ಮ ಬಾಣಸವಾಡಿ ಪಕ್ಕದ ರೈಲು ಟರ್ಮಿನಲ್ಲಿಗೆ ಹೆಸರಾದವರೇ. ಬೇಕೆಂದವರು ಬರುವವರೆಗೆ ಅದಿರು ಬಹಳ ಕಾಲ ಸುಮ್ಮನಿತ್ತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ದುಡ್ಡು ಕೊಟ್ಟು ಅದಿರು ಕೊಳ್ಳುತ್ತೇನೆಂದವನು ಇರಾನಿನ ಷಾ. ಗಣಿಯ ಕೆಲಸ ಮುಗಿಯುವಷ್ಟರಲ್ಲಿ, 1979ರಲ್ಲಿ, ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟ. ಸಂಸೆಯ ಮಳೆಗೂ ತೆಹರಾನಿನ ಬೀದಿಗೂ ಸಂಬಂಧವಿದೆಯೆಂದರೆ ಯಾರು ನಂಬಿಯಾರು? ಆದರೂ ಗಣಿ ನಡೆಯಿತು. ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು, ಅದಿರನ್ನು ಪುಡಿಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿಯುತ್ತಿದ್ದುದನ್ನು ನಮ್ಮ ಕಳಸದ ಹಿರಿಯರು ಕಣ್ಣಾರೆ ಕಂಡವರು. "ಹೊಳೆಯಲ್ಲಿ ಮುಳುಗಿ ಎದ್ದರೆ ತಲೆಕೂದಲಲ್ಲಿ ಕೆಸರು" ಎನ್ನುವಾಗ ಅವರ ದನಿ ಈಗಲೂ ಗಟ್ಟಿಯಾಗುತ್ತದೆ.

ಅದೇ ಗಣಿಯಿಂದ ಎಷ್ಟೋ ಸಂಸಾರಗಳು ಉಂಡವು ಎಂಬುದನ್ನೂ ಮರೆಯಬಾರದು. ಹೊರಮಾವಿನಲ್ಲೇ ನನಗೆ ಪರಿಚಯದ ಹೆಂಗಸೊಬ್ಬರ ಬಾಲ್ಯವೆಲ್ಲ ಕುದುರೆಮುಖದ ಟೌನ್‌ಶಿಪ್ಪಿನಲ್ಲಿ ಕಳೆದದ್ದು. ಜೂನಿನಲ್ಲಿ ಶಾಲೆ ಶುರುವಾದರೆ ಯೂನಿಫಾರ್ಮ್ ಒಣಗಿಸಲು ಅವರಮ್ಮ ಒಲೆಯ ಮೇಲೆ ಹಗ್ಗ ಕಟ್ಟುತ್ತಿದ್ದದ್ದು, ಸಿನಿಮಾ ನೋಡಲು ಕ್ಲಬ್ಬಿನಲ್ಲಿ ಊರಿಗೆ ಊರೇ ಸೇರುತ್ತಿದ್ದದ್ದು, ಎಲ್ಲ ರಾಜ್ಯದ ಅಡುಗೆ ಒಂದೇ ಬೀದಿಯಲ್ಲಿ ಸಿಗುತ್ತಿದ್ದದ್ದು. ಗಣಿ ನಿಂತಾಗ ಅವರ ಮನೆಯವರು ಅತ್ತಿದ್ದರಂತೆ. ಈಗ ಆ ಬೀದಿಗಳ ಮೇಲೆ ಕಾಡು ಬರುತ್ತಿದೆ. ಕಳಸದಿಂದ ಎಸ್.ಕೆ. ಬಾರ್ಡರ್ ಎಂಬ ಗಡಿಯ ಕಡೆಗೆ ಹೋಗುವಾಗ ಕಾರು ನಿಲ್ಲಿಸಿ ನೋಡಿ, ಬಾಗಿಲಿಲ್ಲದ ಮನೆಗಳ ಅಂಗಳದಲ್ಲಿ ಹುಲ್ಲು. ಅವರು ಹೋಗಿ ನೋಡಿ ಬಂದು ನನಗೆ ಹೇಳಿದ್ದು, "ದುಃಖ ಆಯಿತು, ಆದರೆ ಹೊಳೆ ತಿಳಿಯಾಗಿತ್ತು". ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಅವರ ಮೇಲೆ ನನಗೆ ಗೌರವ ಹೆಚ್ಚಿತು.

ಗಣಿಯನ್ನು ನಿಲ್ಲಿಸಿದ್ದು ಸುಪ್ರೀಂ ಕೋರ್ಟು, 2002ರ ಅಕ್ಟೋಬರ್ 30ರ ತೀರ್ಪಿನಲ್ಲಿ. ಕೋರ್ಟಿನ ಮೆಟ್ಟಿಲು ಹತ್ತಿದವರು ಕೆ.ಎಂ. ಚಿಣ್ಣಪ್ಪ. ಕೊಡಗಿನವರು, ನಾಗರಹೊಳೆಯಲ್ಲಿ ರೇಂಜರಾಗಿ ಕಳ್ಳಬೇಟೆಗಾರರ ಎದುರು ನಿಂತವರು. ತಮ್ಮ ಕಾಡು ಬೇರೆ, ಕುದುರೆಮುಖ ಬೇರೆ ಎಂದು ಅವರು ಎಣಿಸಲಿಲ್ಲ. 2005ರ ಡಿಸೆಂಬರ್ 31ಕ್ಕೆ ಯಂತ್ರಗಳು ನಿಂತವು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ ಆಯ್ದ ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಚಿಣ್ಣಪ್ಪನವರು 2024ರಲ್ಲಿ ತೀರಿಕೊಂಡರು. ಬೆಟ್ಟದ ತುದಿಯಲ್ಲಿ ಸೆಲ್ಫಿ ತೆಗೆದುಕೊಳ್ಳುವ ಮಕ್ಕಳಿಗೆ ಅವರ ಹೆಸರು ಗೊತ್ತಿರಲಿ ಎಂದು ನಾನು ಪ್ರತಿ ಸಲವೂ ಒಬ್ಬಿಬ್ಬರಿಗಾದರೂ ಹೇಳುತ್ತೇನೆ. ಕೆಲವರು ಕೇಳಿಸಿಕೊಳ್ಳುತ್ತಾರೆ, ಕೆಲವರು ಗಾಳಿಗೆ ಟೋಪಿ ಹಿಡಿದುಕೊಳ್ಳುವುದರಲ್ಲಿರುತ್ತಾರೆ. ಆ ಗಾಳಿಯೂ ಹಾಗೆಯೇ, ತುದಿಯಲ್ಲಿ ನಿಂತವರನ್ನು ಪಡುವಣದ ಪ್ರಪಾತದಿಂದ ಹಿಂದಕ್ಕೆ ತಳ್ಳುತ್ತಿರುತ್ತದೆ. ಮೋಡ ಸರಿದರೆ ಕೆಳಗೆ ದಕ್ಷಿಣ ಕನ್ನಡದ ತೋಟಗಳು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಮೊಣಕಾಲುಗಳಿಗೆ ಕೇಳಿ. ಮುಳ್ಳೋಡಿಯ ಮನೆಗೆ ಬಂದು ಬಿದ್ದರೆ ಹಂಡೆಯಲ್ಲಿ ಬಿಸಿನೀರು ಕಾದಿರುತ್ತದೆ. ಅಕ್ಕಿರೊಟ್ಟಿ, ಕೆಸುವಿನ ಪಲ್ಯ, ಕಾಲ ಒದಗಿದರೆ ಕಳಲೆ. ಬಡಿಸುವಾಗ ಮನೆಯಾಕೆ "ತುದಿ ಕಂಡಿತಾ?" ಎಂದು ಕೇಳುತ್ತಾರೆ. ಅವರು ತುದಿಗೆ ಹೋಗಿ ಎಷ್ಟು ವರ್ಷವಾಯಿತೋ. "ದನ ಕಳೆದುಹೋದಾಗ ಹೋಗ್ತಿದ್ವಿ" ಎಂದರು ಒಬ್ಬರು. ನಮಗೆ ವರ್ಷಕ್ಕೊಮ್ಮೆಯ ಸಂಭ್ರಮವಾದದ್ದು ಅವರಿಗೆ ದನ ಹುಡುಕುವ ಗುಡ್ಡ. ಉದ್ಯಾನದ ನಿಯಮಗಳ ನಡುವೆ ಗದ್ದೆ ಮಾಡಿಕೊಂಡು, ರಾತ್ರಿ ಕಾಟಿಯಿಂದ ಬೆಳೆ ಕಾಯ್ದುಕೊಂಡು, ಹಗಲು ನಮ್ಮಂಥವರಿಗೆ ಊಟ ಹಾಕುವ ಆ ಜನರ ಜೊತೆ ಒಂದು ಸಂಜೆ ಮಾತಾಡದೆ ಬಂದರೆ ಕುದುರೆಮುಖ ಅರ್ಧವೇ ನೋಡಿದ ಹಾಗೆ. ಗೈಡ್ ಹುಡುಗನನ್ನೂ ಮಾತಾಡಿಸಿ. ಯಾವ ಹಳ್ಳ ಯಾವ ತಿಂಗಳು ಬತ್ತುತ್ತದೆ, ಯಾವುದು ಬತ್ತುವುದೇ ಇಲ್ಲ ಎಂಬ ಪಟ್ಟಿ ಅವನ ಬಾಯಲ್ಲಿರುತ್ತದೆ.

ಈ ಸಲದ ಚರ್ಚೆ ಕೆರೆಯ ಏರಿಯ ಮೇಲೆ ಇನ್ನೂ ಮುಗಿದಿಲ್ಲ. ಮಾನ್ಯತಾದ ಹುಡುಗರಿಗೆ ಮತ್ತೆ ಕುದುರೆಮುಖವೇ ಬೇಕು. ಬ್ಯಾಂಕಿನವರು ಮೊಣಕಾಲು ತೋರಿಸಿ, ದಾರಿ ಚಿಕ್ಕದಾದ ಕುರಿಂಜಾಲು ಬೆಟ್ಟಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಟೀಚರಮ್ಮನಿಗೆ ಬೆಟ್ಟ ಯಾವುದಾದರೂ ಸರಿ, ಇಳಿದ ಮೇಲೆ ಹೊರನಾಡಿನ ಅನ್ನಪೂರ್ಣೇಶ್ವರಿಯ ಊಟ ಆಗಲೇಬೇಕು. ಕಳಸದ ಹಿರಿಯರದು ಒಂದೇ ಮಾತು: ಸೆಪ್ಟೆಂಬರ್ ಕೊನೆಯಲ್ಲಿ ಹೋಗಿ, ಮಳೆ ಸಡಿಲಿರುತ್ತದೆ, ಹುಲ್ಲು ಹಸಿರಾಗಿರುತ್ತದೆ, ಹಳ್ಳಗಳು ದಾಟುವಷ್ಟಿರುತ್ತವೆ. ಹೊಗೆಸೊಪ್ಪು ತಾವೇ ತರಿಸಿಕೊಡುತ್ತಾರಂತೆ. ನೀವೂ ಬರುವವರಿದ್ದರೆ ಈಗಲೇ ಹೇಳಿಬಿಡಿ, ಎಲ್ಲರ ಚೀಟಿಯನ್ನೂ ಒಟ್ಟಿಗೇ ಮಾಡಿಸುತ್ತೇವೆ. ಬುಧವಾರವಾದರೂ ಅಡ್ಡಿಯಿಲ್ಲ ತಾನೇ?